ಶನಿವಾರ ಒಂಬತ್ತರಿಂದ ಹತ್ತೂವರೆ

ನಾನು ಮುಂಗೋಪಿ. ಆ ಬೆಟ್ಟವನ್ನು ಒಬ್ಬಳೇ ಹತ್ತಿದ್ದಕ್ಕೆ ಮುಖ್ಯ ಕಾರಣವೇ ಅದು. ಹಿಂದಿನ ವರ್ಷ ಒಂದು ಗುಂಪಿನ ಜೊತೆ ರುವಾಪೆಹುವಿಗೆ ಹೋಗಿದ್ದೆ. ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ಮೈತುಂಬ ಹಿಮ, ನೆತ್ತಿಯ ಕೆಳಗೆ ಹಿಮನದಿ. ಅರ್ಧ ದಾರಿಯಲ್ಲಿ ಗುಂಪಿನ ಮುಖಂಡ ಬಲು ಮೃದುವಾಗಿ "ಇವತ್ತು ನಿಮ್ಮ ದಿನ ಅಲ್ಲ" ಎಂದ. ನಾನು ನಿಧಾನವಂತೆ. ಕೆಳಗೆ ಕಳಿಸಿಬಿಟ್ಟರು. ನಲವತ್ತಮೂರು ವರ್ಷದ ಹೆಂಗಸು, ಪಾರ್ಕಿಂಗಿನಲ್ಲಿ ಯಾರದೋ ಪಿಕಪ್ ಗಾಡಿಯ ಹಿಂದೆ ನಿಂತು ಗಳಗಳ ಅತ್ತೆ. ಅವನು ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆಮೇಲೆ ವರ್ಷವಿಡೀ ಪಟ್ಟು ಬಿಡಲಿಲ್ಲ. ಹಿಮದ ಮೇಲೆ ನಡೆಯುವುದನ್ನು, ಜಾರಿದರೆ ಐಸ್ ಆಕ್ಸ್ ಎಂಬ ಹಿಮಗೊಡಲಿ ಚುಚ್ಚಿ ನಿಲ್ಲುವುದನ್ನು ತರಬೇತಿಗೆ ಸೇರಿ ಕಲಿತೆ. ಭಾನುವಾರಗಳಲ್ಲಿ ಹತ್ತು ಕಿಲೋ ಸೋನಾ ಮಸೂರಿ ಚೀಲವನ್ನು ಬೆನ್ನಿಗೇರಿಸಿಕೊಂಡು, ಹೆಂಡರ್ಸನ್ ಬಡಾವಣೆಯ ನಮ್ಮ ಮನೆಗೆ ಹತ್ತಿರದ ಗುಡ್ಡಗಳನ್ನು ಹತ್ತಿ ಇಳಿದೆ. ಒಮ್ಮೆ ಪರಿಚಯದ ಆಂಟಿಯೊಬ್ಬರು ಎದುರು ಸಿಕ್ಕಿ, "ಮನೇಲಿ ಕಾರ್ ಇಲ್ವೇನಮ್ಮಾ?" ಅಂದರು.

"ಇದೆ ಆಂಟಿ, ಅಕ್ಕಿಗೆ ಸ್ವಲ್ಪ ಗಾಳಿ ಬೇಕಂತೆ" ಅಂದೆ.

ನವೆಂಬರಿನ ಒಂದು ಶನಿವಾರ ಆಕಾಶ ತಿಳಿಯಾಗಿರುತ್ತದೆಂದು ಹವಾಮಾನ ವರದಿ ಬಂತು. ಆಗ ಅಮ್ಮ ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತು. ಶುಕ್ರವಾರ ಮಧ್ಯಾಹ್ನ ನಾನು ಹೊರಡುವ ಹೊತ್ತಿಗೆ ಸರಿಯಾಗಿ, ಫ್ರಿಜ್ ಪಕ್ಕ ತಾನೇ ತಂದು ನೇತುಹಾಕಿದ್ದ ಕ್ಯಾಲೆಂಡರಿನ ಮುಂದೆ ನಿಂತಳು.

"ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಆ ಹೊತ್ತಲ್ಲಿ ತುದಿಗೆ ಕಾಲಿಡಕೂಡದು. ನನ್ನಾಣೆ."

"ಆಯ್ತಮ್ಮ, ಇಡಲ್ಲ" ಅಂದೆ. ಎಂಟೂವರೆಗೇ ತುದಿ ಮುಟ್ಟುವ ಲೆಕ್ಕ ನನ್ನದು. ಮಾತು ಮುಗಿದರೆ ಸಾಕಿತ್ತು. ನಾನು ರಾಹುಕಾಲ ನಂಬುವವಳಲ್ಲ. ಆದರೆ ಅಮ್ಮನ ಮೇಲಿನ ಆಣೆಯನ್ನು ಯಾವತ್ತೂ ಮುರಿದವಳಲ್ಲ.

ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ, ಹಣೆಗೆ ದೀಪ ಕಟ್ಟಿಕೊಂಡು ಬೆಟ್ಟದ ಪಾರ್ಕಿಂಗಿನಿಂದ ಹೊರಟೆ. ನನ್ನದೂ ಒಂದು ನಿಯಮವಿತ್ತು: ಎಲ್ಲೇ ಇರಲಿ, ಹತ್ತು ಗಂಟೆಗೆ ತಿರುಗಿ ಇಳಿಯಬೇಕು. ಬಿಸಿಲೇರಿದರೆ ಹಿಮ ಮೆತ್ತಗಾಗಿ ಬೂಟಿನಡಿಯ ಉಕ್ಕಿನ ಮುಳ್ಳುಗಳಿಗೆ ಹಿಡಿತ ಸಿಗುವುದಿಲ್ಲ. ಹಿಮನದಿಯ ಸೀಳುಗಳನ್ನು ಮುಚ್ಚಿರುವ ಪದರ ಯಾವಾಗ ಕುಸಿಯುತ್ತದೋ ಹೇಳಲಾಗದು. ಒಂಟಿಯಾಗಿ ಬಂದವಳನ್ನು ಮೇಲೆಳೆಯಲು ಯಾರೂ ಇರುವುದಿಲ್ಲ.

ಆವತ್ತು ಕಾಲುಗಳು ನನ್ನ ಮಾತು ಕೇಳಿದವು. ಗಟ್ಟಿ ಹಿಮ ಕರಕರ ಅನ್ನುತ್ತಿತ್ತು. ಹಿಂದಿನ ವರ್ಷ ನನ್ನನ್ನು ವಾಪಸ್ ಕಳಿಸಿದ ಜಾಗದ ಬಂಡೆ ಏಳು ಗಂಟೆಗೇ ಸಿಕ್ಕಿತು. ಅದಕ್ಕೊಂದು ಗುದ್ದು ಕೊಟ್ಟು ಮುಂದೆ ಹೋದೆ. ಹಿಮನದಿಯಲ್ಲಿ ಮಾತ್ರ ನಿರೀಕ್ಷಿಸದ ಸೀಳುಗಳಿದ್ದವು. ಹೆಜ್ಜೆ ಹೆಜ್ಜೆಗೂ ಮುಂದೆ ಚುಚ್ಚಿ ನೋಡುತ್ತಾ ಅವನ್ನೆಲ್ಲ ಸುತ್ತಿ ಬಳಸಿ, ತುದಿಯ ಕೆಳಗಿನ ಕಡಿದಾದ ಏರಿಗೆ ಬಂದು ಗಡಿಯಾರ ನೋಡಿದರೆ ಒಂಬತ್ತೂ ಇಪ್ಪತ್ತು!

ಹತ್ತೂವರೆತನಕ ಕಾದರೆ ಹಿಮ ಕೈಕೊಡುತ್ತದೆ. ಹತ್ತಿದರೆ ಅಮ್ಮನ ಆಣೆ. ಇಳಿದರೆ ಮತ್ತೆ ಅದೇ ಪಾರ್ಕಿಂಗು, ಅದೇ ಅಳು. ಥೂ, ಯಾಕಾದರೂ ಒಪ್ಪಿಕೊಂಡೆನೋ! ಫೋನಿಗೆ ಸಿಗ್ನಲ್ ಇತ್ತು. ಸಿಟ್ಟಿನಲ್ಲೇ ಮನೆಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಅಮ್ಮ ಎತ್ತಿದಳು.

"ಅಮ್ಮ, ತುದಿಗೆ ನಲವತ್ತೇ ಹೆಜ್ಜೆ. ನಿನ್ನ ಕ್ಯಾಲೆಂಡರ್ ಮೈಸೂರಿದು. ಅಲ್ಲೀಗ ಸರಿರಾತ್ರಿ, ಯಾವ ರಾಹುನೂ ಎದ್ದಿರಲ್ಲ."

"ನಂಗೇ ಪಾಠ ಹೇಳ್ಬೇಡ. ಎಲ್ಲಿದೀವೋ ಅಲ್ಲಿ ಸೂರ್ಯ ಹುಟ್ಟಿದ ಹೊತ್ತಿಂದ್ಲೇ ಲೆಕ್ಕ. ಅಲ್ಲೇ ಕೂತ್ಕೋ. ಒಂದ್ ಗಂಟೆ ತಾನೇ?"

"ಕೂತ್ರೆ ಹಿಮ ಮೆತ್ತಗಾಗತ್ತೆ, ಇಳಿಯೋವಾಗ ಕುಸಿಯತ್ತೆ. ಈಗ್ಲೇ ಹತ್ತಬೇಕು, ಇಲ್ಲಾ ಈಗ್ಲೇ ವಾಪಸ್ ಬರಬೇಕು."

ಆ ಕಡೆ ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದು.

"ವಾಪಸ್ ಬಂದ್ರೆ ಹೋದ್ ವರ್ಷ ಫೋನಲ್ಲಿ ಅತ್ತ ಥರ ಅಳ್ತೀಯಾ?"

"ಹೂಂ, ಅಳ್ತೀನಿ" ಅಂದೆ.

"ಆಣೆ ನನ್ ಮೇಲೆ ತಾನೇ ಇಟ್ಟಿದ್ದು? ನಾನೇ ವಾಪಸ್ ತಗೊಂಡೆ. ಬರೋದೇನಿದ್ರೂ ನಂಗೆ ಬರ್ಲಿ. ನಡಿ. ಫೋನ್ ಮಾತ್ರ ಇಡ್ಬೇಡ, ನಂಗೆ ಕೇಳಿಸ್ತಾ ಇರ್ಬೇಕು."

ರಾಹುಕಾಲದಲ್ಲಿ ಹೊಸ ಸೀರೆಯ ಮಡಿಕೆಯನ್ನೂ ಬಿಚ್ಚದ ನನ್ನಮ್ಮ ಹೇಳಿದ ಮಾತು ಇದು. ಫೋನನ್ನು ಎದೆಯ ಜೇಬಿಗೆ ಸೇರಿಸಿ, ಐಸ್ ಆಕ್ಸ್ ಚುಚ್ಚಿ, ಗಟ್ಟಿಯಾಗಿ ಎಣಿಸುತ್ತಾ ಹತ್ತಿದೆ. ನಲವತ್ತು ಅಂದಿದ್ದು ಐವತ್ತೆರಡಾಯಿತು. ಐವತ್ತಮೂರನೆಯದಕ್ಕೆ ಕಾಲೆತ್ತಿದರೆ ಹತ್ತಲು ಇನ್ನೇನೂ ಉಳಿದಿರಲಿಲ್ಲ. ಕೈಗವಸು ಕಳಚಿ ಹಿಮ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕೆಳಗೆ ಬೂದುಹಸಿರು ಸರೋವರ, ಪಶ್ಚಿಮಕ್ಕೆ ಮೋಡಗಳ ಮೇಲೆ ತಾರಾನಕಿ ಬೆಟ್ಟದ ತಲೆ. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಎಷ್ಟು ಖುಷಿಯಾಯಿತೆಂದರೆ ಕುಣಿದುಬಿಡೋಣ ಅನ್ನಿಸಿತು. ಕುಣಿಯುವ ಜಾಗವಲ್ಲದ್ದರಿಂದ ಕಿರುಚಿದೆ.

"ಬಂದೆ ಅಮ್ಮಾ! ತುದೀಲಿದೀನಿ!"

ಫೋನಿನಲ್ಲಿ ಅಮ್ಮ ಹೊರಗೆ ಓಡಿದ್ದು ಕೇಳಿಸಿತು. ಬಾಗಿಲು ತೆರೆದ ಸದ್ದು, ಚಪ್ಪಲಿಯ ಪಟಪಟ, ಆಮೇಲೆ ಹುಲ್ಲು ಕತ್ತರಿಸುವ ಯಂತ್ರದ ಗುರ್ರ್ ಅನ್ನುವ ಶಬ್ದ. ಪಕ್ಕದ ಮನೆಯ ನ್ಯೂಜಿಲೆಂಡಿಗ ಮುದುಕನದು. ಮೂರು ತಿಂಗಳಲ್ಲಿ ಅಮ್ಮ ಅವನಿಗೆ ತಲೆಯಾಡಿಸಿದ್ದು ಬಿಟ್ಟರೆ ಒಂದು ಮಾತೂ ಆಡಿರಲಿಲ್ಲ.

"ರೀ! ರೀ ಸ್ವಾಮಿ! ನಿಲ್ಸ್ರೀ ಅದನ್ನ!" ಅಮ್ಮ ಬೇಲಿಯಾಚೆಗೆ ಅಪ್ಪಟ ಮೈಸೂರು ಕನ್ನಡದಲ್ಲಿ ಕೂಗುತ್ತಿದ್ದಳು. "ನನ್ ಮಗಳು ಬೆಟ್ಟದ್ ತುದೀಲಿದಾಳೆ! ಒಬ್ಬಳೇ ಹತ್ತಿದಾಳೆ ಕಣ್ರೀ!"

ಯಂತ್ರ ನಿಂತಿತು. ಅಮ್ಮ ಮತ್ತೆ ಮೊದಲಿನಿಂದ ಹೇಳತೊಡಗಿದಳು.