ಕೆಲಸದ ಕಾಲಂ ಖಾಲಿ

ಹಾಸಿಗೆ ಹಿಡಿದ ಕೈದಿ ಕೆಲಸಕ್ಕೆ ಹೋಗುತ್ತಿಲ್ಲವಂತೆ. ಕೇಳಿದಿರಾ ಗೆಳೆಯರೇ?

ಭದ್ರಾವತಿಯ ರುದ್ರಪ್ಪ ನನ್ನ ಕಕ್ಷಿದಾರರು. ಒಂಬತ್ತು ವರ್ಷ ಜೈಲಿನ ಅಡುಗೆಮನೆಯಲ್ಲಿ ದುಡಿದವರು, ಈಗ ಎರಡು ವರ್ಷದಿಂದ ಎರಡೂ ಕಿಡ್ನಿ ಕೆಟ್ಟು ಮಲಗಿದ್ದಾರೆ. ಅವರನ್ನು ಅವಧಿಗೆ ಮುಂಚೆ ಬಿಡಿ ಎಂಬ ಅರ್ಜಿ ಹಿಡಿದು, ಅವರ ತಂಗಿ ಗಿರಿಜಮ್ಮನ ಜೊತೆ ಇವತ್ತು ಶಿವಮೊಗ್ಗದ ಕಚೇರಿಯೊಂದಕ್ಕೆ ಹೋಗಿದ್ದೆ.

ಗುಮಾಸ್ತರು ಫೈಲನ್ನು ನನ್ನ ಕಡೆಗೇ ತಳ್ಳಿದರು. “ಎರಡು ವರ್ಷದಿಂದ ಕೆಲಸದ ಕಾಲಂ ಖಾಲಿ ಇದೆ ಮೇಡಂ. ಸನ್ನಡತೆ ಅಂತ ಹೆಂಗೆ ಬರೀಲಿ?”

“ಏಳೋಕೇ ಆಗದೋರು ಏನ್ರೀ ಕೆಲಸ ಮಾಡ್ತಾರೆ? ಅದಕ್ಕೇ ತಾನೇ ಬಿಡಿ ಅಂತ ಕೇಳ್ತಿರೋದು?”

“ರೂಲ್ಸು ಮೇಡಂ. ಒಂದ್ ತಿಂಗ್ಳು ಲೈಟಾಗಿ ಏನಾದ್ರೂ ಕೆಲಸ ಮಾಡ್ಸಿ, ಆಮೇಲೆ ತನ್ನಿ.”

ಗಿರಿಜಮ್ಮ ನನ್ನ ಕರಿಕೋಟಿನ ತೋಳು ಎಳೆದರು. “ಮಲಗಿದಲ್ಲೇ ಹೂಬತ್ತಿ ಹೊಸೆದ್ರೆ ನಡಿಯುತ್ತಾ ಕೇಳಿ ಅಮ್ಮಾ. ನಮ್ಮಣ್ಣನ ಕೈ ಇನ್ನೂ ಆಡ್ತವೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಹೋದ ವರ್ಷ ನಾನು ಬಿಡಿಸಿದ ಆಯನೂರಿನ ಅಜ್ಜ ತನ್ನ ಮನೆಯ ಜಗುಲಿಯಲ್ಲಿ ಬದುಕಿದ್ದು ಹದಿನೇಳೇ ದಿನ. ಆ ಹದಿನೇಳು ದಿನಕ್ಕಾಗಿಯೇ ನಾನು ಈ ಕೆಲಸ ಮಾಡುವುದು. ರುದ್ರಪ್ಪನವರಿಗೆ ಒಂದು ತಿಂಗಳು ಎಲ್ಲಿಂದ ತರಲಿ?

“ನಿಮ್ಮ ಸಾಹೇಬ್ರನ್ನ ಕರೀರಿ!” ಎಂದು ಗದರಿದೆ.

“ಅವರು ಬಂದಿಲ್ಲ ಮೇಡಂ. ಪಾಪ, ನೆಗಡಿ. ಮೂರು ದಿನ ಸಿಕ್ ಲೀವು.”

ಹುಷಾರಿಲ್ಲದವರನ್ನು ಮನೆಗೆ ಕಳಿಸುವುದು ಆ ಕಚೇರಿಗೆ ಗೊತ್ತೇ ಇಲ್ಲವೆಂದು ಇನ್ನು ಯಾರೂ ಹೇಳುವಂತಿಲ್ಲ.