ಮನೆ ನೋಡದೆ ಕಂಪ್ಯೂಟರ್ ಕೊಡದವರು

ಹೋದ ವಾರ ಬಂಗಾರಪೇಟೆಯ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಗೆ ಪ್ರಿಂಟರ್ ತೋರಿಸಲು ಹೋಗಿದ್ದೆ. ಪಕ್ಕದ ಮೇಜಿನಲ್ಲಿ ಒಬ್ಬರು ಯಾರದೋ ಸಿಪಿಯು ಡಬ್ಬಿ ಬಿಚ್ಚಿ ಬ್ಲೋವರ್ ಹಿಡಿದರು. ಒಳಗಿದ್ದ ಧೂಳೆಲ್ಲ ಒಮ್ಮೆಲೇ ಎದ್ದು ಮುಖಕ್ಕೆ ಬಂತು. ಕಾದು ಕಾದು ಒಣಗಿದ ಧೂಳಿಗೆ ಒಂದು ವಾಸನೆ ಇರುತ್ತದೆ. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಒಂದು ಕ್ಷಣ ಹೆಚ್ಚು ನಿಂತಾಗ ಬರುವಂಥದು. ಉಳಿದ ಗಿರಾಕಿಗಳು ಮೂಗು ಮುಚ್ಚಿಕೊಂಡು ಬೀದಿಗಿಳಿದರು. ನಾನು ಅಲ್ಲೇ ನಿಂತಿದ್ದೆ... ಅಂಗಡಿಯವರು ಎರಡು ಸಲ ಕರೆದ ಮೇಲೆ ಈಚೆ ಬಂದೆ.

ಆ ವಾಸನೆಗೆ ನನಗೆ ನೆನಪಾದವರು ಕೆಜಿಎಫ್‌ನ ಕಂಪ್ಯೂಟರ್ ಅಂಗಡಿ ಅಣ್ಣ. ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಬೂದಿಕೋಟೆ ಕಡೆಯವರು. ಮೊದಲು ರೇಡಿಯೋ, ಆಮೇಲೆ ಟಿವಿ, ಕೊನೆಗೆ ಕಂಪ್ಯೂಟರ್ ಬಿಚ್ಚಲು ಕಲಿತವರು. ಪೇಟೆಯ ಒಂದು ಓಣಿಯಲ್ಲಿ ಟೈಲರ್ ಅಂಗಡಿಗೆ ಅಂಟಿಕೊಂಡು ಅವರದೊಂದು ಉದ್ದನೆಯ, ಅಗಲವಿಲ್ಲದ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೇ ಕಾಯಬೇಕು. ಬಂದವರು ತಮಿಳರಾದರೆ ತಮಿಳು, ತೆಲುಗರಾದರೆ ತೆಲುಗು, ನಮ್ಮಂಥವರಾದರೆ ಕನ್ನಡ. ಮೂರರಲ್ಲೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: ಮನೆ ಎಲ್ಲಿ?

ವ್ಯಾಪಾರಿ ಅಂದರೆ ಕಂಪ್ಯೂಟರ್ ತೋರಿಸಬೇಕು, ಬೆಲೆ ಹೇಳಬೇಕು, ಕೊಡಬೇಕು. ಇವರು ಮೊದಲು ಮನೆಗೆ ಬರುತ್ತಿದ್ದರು. ಹೆಣ್ಣು ನೋಡಲು ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, ಆಮೇಲೆ ಎದ್ದು ಕಿಟಕಿಯ ಮೇಲೆ ಬೆರಳೆಳೆದು ಧೂಳು ನೋಡುತ್ತಿದ್ದರು. ಪ್ಲಗ್ ಪಾಯಿಂಟ್ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬರುತ್ತದೆ, ಕೂರುವವರು ಯಾರು, ಎಷ್ಟು ಹೊತ್ತು ಕೂರುತ್ತಾರೆ... ಇದೆಲ್ಲ ಆಗುವವರೆಗೆ ಅಡ್ವಾನ್ಸ್ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಇದರಿಂದ ಬೇಸತ್ತು ಬೆಂಗಳೂರಿಗೆ ಹೋಗಿ ಕೊಂಡು ತಂದವರು ಬೇಕಾದಷ್ಟು ಜನ. ರಿಪೇರಿಗೆ ಮಾತ್ರ ಎಲ್ಲರೂ ಇವರ ಹತ್ತಿರವೇ ಬರುತ್ತಿದ್ದರು.

ನಾವು ದಾವಣಗೆರೆ ಕಡೆಯವರು. ನಮ್ಮ ಯಜಮಾನರಿಗೆ ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ಕೆಲಸ. ಅಲ್ಲಿಯ ಕೋರಮಂಡಲ್ ಬಡಾವಣೆಯಲ್ಲಿ, ಚಿನ್ನದ ಗಣಿ ನಡೆಯುತ್ತಿದ್ದ ಕಾಲದ ಒಂದು ಹಳೇ ಮನೆಯಲ್ಲಿ ಬಾಡಿಗೆಗಿದ್ದೆವು. ಆಷಾಢದ ಗಾಳಿ ಶುರುವಾದರೆ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಸೈನೈಡ್ ದಿಬ್ಬದ ಮಣ್ಣು ಹಿಟ್ಟಿನ ಹಾಗೆ ಹಾರಿ ಬಂದು, ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನಕ್ಕೆ ಹೆಸರು ಬರೆಯಬಹುದಾಗಿತ್ತು. ಆ ಮನೆಗೆ ಕಂಪ್ಯೂಟರ್ ಬೇಕಾದದ್ದು ನನ್ನ ಮಗಳಿಗೆ.

ಮಗಳಿಗೆ ಹುಟ್ಟಿನಿಂದಲೇ ಕಣ್ಣಿನ ತೊಂದರೆ. ಕನ್ನಡಕದಿಂದ ಸರಿಹೋಗುವಂಥದಲ್ಲ. ಅಕ್ಷರ ದೊಡ್ಡದಿದ್ದು ಮುಖದ ಹತ್ತಿರವಿದ್ದರೆ ಓದುತ್ತಾಳೆ, ಇಲ್ಲದಿದ್ದರೆ ಇಲ್ಲ. ಆರನೇ ಕ್ಲಾಸಿನವರೆಗೆ ಹೇಗೋ ನಡೆಯಿತು, ನಾನೇ ಪಾಠಗಳನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತಿದ್ದೆ. ಏಳಕ್ಕೆ ಬಂದಾಗ ನನ್ನ ಕೈ ಸೋತಿತು. ಅವಳ ಮೇಷ್ಟ್ರು ಒಳ್ಳೆಯವರು. ಕರೆಸಿ ಮೆತ್ತಗೆ ಹೇಳಿದರು. ಈ ವರ್ಷ ಪಾಠದ ಜೊತೆ ಹೆಜ್ಜೆ ಹಾಕದಿದ್ದರೆ ಬೆಂಗಳೂರಿನಲ್ಲಿ ಇಂಥ ಮಕ್ಕಳಿಗಾಗಿಯೇ ಇರುವ ಹಾಸ್ಟೆಲ್ ಶಾಲೆಗೆ ಸೇರಿಸುವುದು ಒಳ್ಳೆಯದು ಅಂದರು. ಮಗಳು ಆ ದಿನ ಊಟ ಮಾಡಲಿಲ್ಲ. ಮನೆ ಬಿಟ್ಟು ಹೋಗಲ್ಲ ಅಂತ ಒಂದೇ ಮಾತು. ಕಣ್ಣಿನ ಡಾಕ್ಟರು, ಕಂಪ್ಯೂಟರಿನಲ್ಲಿ ಅಕ್ಷರ ಹಿಗ್ಗಿಸಿ ಓದಿಸಿ ನೋಡಿ ಅಂದಿದ್ದು ನೆನಪಾಗಿ ನಾನು ಆ ಓಣಿಗೆ ಹೋದೆ.

ಇಲ್ಲಿ ಒಂದು ನಿಜ ಹೇಳಬೇಕು. ಅಂಗಡಿ ಅಣ್ಣನಿಗೆ ನಾನು ಮಗಳ ಕಣ್ಣಿನ ವಿಷಯ ಹೇಳಲಿಲ್ಲ. ಸ್ಕೂಲಿನ ಪಾಠಕ್ಕೆ ಒಂದು ಲ್ಯಾಪ್‌ಟಾಪ್ ಬೇಕು, ಚಿಕ್ಕದಿದ್ದಷ್ಟೂ ಒಳ್ಳೆಯದು ಅಂದೆ. ಅವರು ತಲೆಯಾಡಿಸಿ, ಭಾನುವಾರ ಬತ್ತೀನಿ ಅಂದರು.

ಬಂದರು. ಕಾಫಿ, ಕಿಟಕಿ, ಬೆರಳು ಎಲ್ಲ ಆಯಿತು. ಆಮೇಲೆ ಮಗಳ ಪಕ್ಕ ನೆಲದ ಮೇಲೆ ಕೂತು, ನೀನು ದಿನಾ ಹೆಂಗೆ ಓದ್ತೀಯೋ ಹಂಗೇ ಓದು ಅಂದರು. ಅವಳು ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು, ಕತ್ತು ಬಗ್ಗಿಸಿ, ಒಂದೊಂದೇ ಪದವಾಗಿ ಓದಿದಳು. ನಾನು ಅಡುಗೆಮನೆಗೆ ಹೋಗುವ ನೆಪ ಹುಡುಕುತ್ತಿದ್ದೆ. ಅವರು ಅಯ್ಯೋ ಅನ್ನಲಿಲ್ಲ, ಯಾವಾಗಿಂದ ಅಂತಲೂ ಕೇಳಲಿಲ್ಲ. ಒಂದು ಪಾಠ ಮುಗಿಯುವವರೆಗೆ ಸುಮ್ಮನೆ ನೋಡಿ, ನಂತರ ಅವಳನ್ನೇ ಕೇಳಿದರು.

"ನಿಂಗೆ ಏನ್ ಬೇಕು ಪಾಪಾ? ನೀನೇಳು. ಅಮ್ಮನ್ನ ಆಮ್ಯಾಕೆ ಕೇಳಾನ."

ಅವಳಿಗೆ ಹನ್ನೆರಡು ವರ್ಷ. ಅಲ್ಲಿಯವರೆಗೆ ಎಷ್ಟು ಡಾಕ್ಟರು, ಎಷ್ಟು ಟೀಚರು, ಎಷ್ಟು ದೇವಸ್ಥಾನದ ಪೂಜಾರಿಗಳು ಅವಳ ಬಗ್ಗೆ ಮಾತಾಡಿದ್ದರು. ಎಲ್ಲ ಪ್ರಶ್ನೆಯೂ ನನಗೇ. ಅವಳು ತಡಕಾಡಿ ಹೇಳಿದಳು: ಅಕ್ಷರ ನನ್ನ ಹತ್ತಿರ ಬರಬೇಕು, ನಾನು ಅಕ್ಷರದ ಹತ್ತಿರ ಹೋಗಿ ಹೋಗಿ ಕತ್ತು ನೋವು.

ಅಣ್ಣನಿಗೆ ಅಷ್ಟು ಸಾಕಾಯಿತು. ಮರುದಿನ ಅಂಗಡಿಯಲ್ಲಿ ನನಗೆ ದೊಡ್ಡ ಪಾಠವೇ ನಡೆಯಿತು. ಲ್ಯಾಪ್‌ಟಾಪ್ ಅನ್ನೋದು ಮಾರಿಕುಪ್ಪಂ ರೈಲು ಹತ್ತಿ ದಿನಾ ಬೆಂಗಳೂರಿಗೆ ಓಡಾಡುವವರಿಗೆ ಸರಿ, ಆದರೆ ಪರದೆ ಕೀಲಿಮಣೆಗೇ ಅಂಟಿಕೊಂಡಿರುತ್ತದೆ, ಮಗು ಮತ್ತೆ ಬಗ್ಗಲೇಬೇಕು. ಮೇಲಾಗಿ ನಮ್ಮ ಧೂಳು ಅದರೊಳಗೆ ಹೋದರೆ ಬಿಚ್ಚಿ ತೆಗೆಯುವುದು ಹಸುಗೂಸಿಗೆ ನೀರು ಹಾಕಿದಷ್ಟು ನಾಜೂಕಿನ ಕೆಲಸ. ಟ್ಯಾಬ್ ನೋಡುವುದಕ್ಕೆ ಚೆನ್ನ, ಬರೆಯುವವರಿಗೆ ಅಲ್ಲ. ಎಲ್ಲ ಒಂದರೊಳಗೇ ಇರುವ ಪರದೆ ಕಂಪ್ಯೂಟರ್ ಇದೆಯಲ್ಲ, ಅದನ್ನು ಕಂಡರೆ ಅವರಿಗೆ ಮೊದಲಿಂದಲೂ ಸಿಟ್ಟು; ಒಂದು ಕೆಟ್ಟರೆ ಎಲ್ಲ ಕೆಟ್ಟ ಹಾಗೆ, ಕೂಡು ಕುಟುಂಬದಲ್ಲಿ ಜಗಳ ಬಂದಂತೆ ಅನ್ನುತ್ತಿದ್ದರು. ನಿಮ್ಮ ಮಗಳಿಗೆ ಡೆಸ್ಕ್‌ಟಾಪೇ ಸರಿ, ದೊಡ್ಡ ಮಾನಿಟರ್, ಅದಕ್ಕೊಂದು ಕಬ್ಬಿಣದ ಕೈ ಮಾಡಿಸಿ ಗೋಡೆಗೆ ಹಾಕಿದರೆ ಹಲ್ಲಿನ ಡಾಕ್ಟರ ದೀಪದ ಹಾಗೆ ಮುಖದ ಹತ್ತಿರಕ್ಕೆ ಎಳೆದುಕೊಳ್ಳಬಹುದು ಅಂದರು.

ಎಲ್ಲ ಕೇಳಿಯೂ ನಾನು ಲ್ಯಾಪ್‌ಟಾಪೇ ಇರಲಿ ಅಂದೆ. ಮನೆ ಚಿಕ್ಕದು ಅಂದೆ. ನಡುಮನೆಯಲ್ಲಿ ಅಷ್ಟು ದೊಡ್ಡದು ಚೆನ್ನಾಗಿ ಕಾಣಲ್ಲ ಅಂದೆ. ಯಾರಾದರೂ ಬಂದರೆ ಎತ್ತಿ ಬೀರುವಿನಲ್ಲಿ ಇಡೋ ಥರದ್ದು ಬೇಕು ಅಂದುಬಿಟ್ಟೆ. ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಅವರು ನನ್ನ ಮುಖ ನೋಡಿದರು.

"ಅಮ್ಮಾ, ಬೇಜಾರ್ ಮಾಡ್ಕೋಬ್ಯಾಡಿ. ನೀವು ಕಂಪ್ಯೂಟರ್ ತಗೊಂತಿರೋದು ಪಾಪ ನೋಡೋಕಾ, ಮುಚ್ಚಿಡೋಕಾ?"

ನನಗೆ ಎಲ್ಲಿಲ್ಲದ ಕೋಪ ಬಂತು. ಅಂಗಡಿಯಿಂದ ದಡದಡ ಇಳಿದು ಬಂದೆ. ಮಾತು ಸುಳ್ಳಾಗಿದ್ದರೆ ಅಷ್ಟು ಕೋಪ ಬರುತ್ತಿರಲಿಲ್ಲ. ಊರಿನ ನೆಂಟರಿಗೆಲ್ಲ ನಾನು ಹೇಳಿದ್ದು, ಹುಡುಗಿಗೆ ಸ್ವಲ್ಪ ಪವರ್ ಇದೆ, ಕನ್ನಡಕ ಹಾಕ್ತಾಳೆ, ಅಷ್ಟೇ. ಅಷ್ಟು ದೊಡ್ಡ ಪರದೆ, ಅದರಲ್ಲಿ ಅಂಗೈಯಗಲದ ಅಕ್ಷರ ನೋಡಿದರೆ ಯಾರಿಗೂ ಗೊತ್ತಾಗಿಬಿಡುತ್ತದೆ. ನಾಳೆ ಇವಳ ಮದುವೆ ಮಾತಿನ ಹೊತ್ತಿಗೆ ಅದೇ ಮೊದಲು ಎದ್ದು ಬರುತ್ತದೆ. ಹೀಗೆಲ್ಲ ಯೋಚಿಸುತ್ತಿದ್ದೆ ನಾನು, ಹನ್ನೆರಡು ವರ್ಷದ ಹುಡುಗಿಯ ಬಗ್ಗೆ... ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಕೊನೆಗೆ ನಮ್ಮ ಯಜಮಾನರು ಹೋಗಿ ಡೆಸ್ಕ್‌ಟಾಪನ್ನೇ ಒಪ್ಪಿ ಬಂದರು. ಅಣ್ಣ ತಾವೇ ಬಂದು ಗೋಡೆ ಕೊರೆದು ಆ ಕಬ್ಬಿಣದ ಕೈ ಕೂರಿಸಿದರು. ಒಂದು ಸ್ಟ್ಯಾಂಡಿಗೆ ಚಿಕ್ಕ ಕ್ಯಾಮೆರಾ ಸಿಕ್ಕಿಸಿ, ಅದರ ಕೆಳಗೆ ಪುಸ್ತಕ ಇಟ್ಟರೆ ಪುಟ ಪರದೆಯ ಮೇಲೆ ದೊಡ್ಡದಾಗಿ ಬರುವಂತೆ ಮಾಡಿದರು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಾಗೆ ಬಿಳಿ ಅಕ್ಷರ. ಮಗಳು ಮಾನಿಟರನ್ನು ಮುಖದ ಹತ್ತಿರ ಎಳೆದುಕೊಳ್ಳುವುದು, ದೂಡುವುದು, ಮತ್ತೆ ಎಳೆದುಕೊಳ್ಳುವುದು. ಅದೇ ಒಂದು ಆಟವಾಯಿತು. ಮೂರು ತಿಂಗಳಿಗೊಮ್ಮೆ ಧೂಳು ತೆಗೆಯಲು ಬತ್ತೀನಿ, ಅದು ನನ್ನ ಜವಾಬ್ದಾರಿ ಅಂತ ಹೇಳಿ ಹೋದರು.

ಅರ್ಧವಾರ್ಷಿಕ ಪರೀಕ್ಷೆ ಇನ್ನೆರಡು ದಿನ ಇದೆ ಅನ್ನುವಾಗ ದಾವಣಗೆರೆಯಿಂದ ನನ್ನ ನಾದಿನಿ, ಅವರ ಯಜಮಾನರು ಹೇಳದೆ ಕೇಳದೆ ಬಂದಿಳಿದರು. ಅವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ನಾನು ಮಾನಿಟರನ್ನು ಗೋಡೆಗೆ ಒತ್ತಿ, ಎಲ್ಲದರ ಮೇಲೂ ಹೂವಿನ ಬೆಡ್‌ಶೀಟ್ ಹೊದಿಸಿದೆ. ಅತ್ತೆ ಮಾಮ ಹೋಗುವವರೆಗೆ ಅದರ ಮುಂದೆ ಕೂರಬೇಡ ಅಂತ ಮಗಳ ಕಿವಿಯಲ್ಲಿ ಹೇಳಿದೆ. ಅವಳು ಪುಸ್ತಕ ತೆಗೆದುಕೊಂಡು ಮೂಲೆಗೆ ಹೋಗಿ ಮೊದಲಿನ ಹಾಗೆ ಮೂಗಿಗೆ ಹಿಡಿದು ಕೂತಳು. ಒಂದು ಮಾತಾದರೂ ಎದುರು ಆಡಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನೆಂಟರು ತಿಂಡಿ ತಿನ್ನುತ್ತಿದ್ದಾಗ ಅಣ್ಣ ಬ್ರಷ್ಷು, ಬ್ಲೋವರ್ ಹಿಡಿದು ಬಾಗಿಲಲ್ಲಿ ನಿಂತರು. ಮೂರು ತಿಂಗಳಾಗಿತ್ತು. ಬೆಡ್‌ಶೀಟ್ ನೋಡಿದರು, ಮೂಲೆಯಲ್ಲಿದ್ದ ಮಗಳನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಬೆಡ್‌ಶೀಟ್ ತೆಗೆದು, ನಾಲ್ಕು ಮಡಿಕೆ ಮಾಡಿ ಮಂಚದ ಮೇಲಿಟ್ಟರು. ಡಬ್ಬಿಯನ್ನು ಜಗುಲಿಗೆ ಒಯ್ದು ಧೂಳು ಹೊಡೆದರು. ಸುಟ್ಟ ಧೂಳಿನ ವಾಸನೆ ಮನೆ ತುಂಬಿತು. ತಂದು ಮತ್ತೆ ಜೋಡಿಸಿ, ಕೈ ಒರೆಸಿಕೊಂಡು, ಏನೂ ನಡೆದೇ ಇಲ್ಲದವರ ಹಾಗೆ ಕರೆದರು.

"ಪಾಪಾ, ಬಾ ಇಲ್ಲಿ. ಆನ್ ಮಾಡಿ ಓದು ನೋಡಾನ, ಸರಿಯಾಗೈತಾ ಇಲ್ವಾ."

ಮಗಳು ಎದ್ದು ನಿಂತಳು, ನನ್ನ ಕಡೆ ತಿರುಗಿದಳು. ನಾದಿನಿಯ ಕೈ ತಟ್ಟೆಯ ಮೇಲೆ ನಿಂತಿತ್ತು. ನಾನು ಹೂಂ ಎಂಬಂತೆ ತಲೆಯಾಡಿಸಿದೆ. ಅವಳು ನಿಂತೇ ಇದ್ದಳು. ಅಷ್ಟು ದೂರದಿಂದ ತಲೆಯಾಡಿಸಿದ್ದು ಅವಳಿಗೆ ಕಾಣುವುದಿಲ್ಲವೆಂದು, ಹೆತ್ತ ತಾಯಿಗೆ, ಆಗ ಹೊಳೆಯಿತು. ಬಾಯಿಬಿಟ್ಟು ಹೇಳದೆ ಬೇರೆ ದಾರಿಯೇ ಇರಲಿಲ್ಲ. "ಓದು" ಅಂದೆ.

ಅವಳು ಕೂತಳು, ಮಾನಿಟರನ್ನು ಎಳೆದುಕೊಂಡಳು, ಸಮಾಜ ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಿದಳು. ತಡವರಿಸದೆ, ಬೆನ್ನು ನೆಟ್ಟಗಿಟ್ಟುಕೊಂಡು. ನನ್ನ ನಾದಿನಿ ತಟ್ಟೆ ಪಕ್ಕಕ್ಕಿಟ್ಟು ಅವಳ ಹಿಂದೆ ಹೋಗಿ ನಿಂತರು. ಪುಟ ಮುಗಿದ ಮೇಲೆ ನನ್ನನ್ನು ಕೇಳಿದ್ದು ಒಂದೇ, ಇಷ್ಟು ವರ್ಷ ನಮಗ್ಯಾಕೆ ಹೇಳಲಿಲ್ಲ ಅಂತ. ನಾನು ಹೆದರಿದ್ದ ಮಾತು ಯಾವುದೂ ಬರಲಿಲ್ಲ. ಆ ಹೊತ್ತಿಗೆ ಅಣ್ಣ ಚಪ್ಪಲಿ ಮೆಟ್ಟಿ ಗೇಟು ದಾಟಿದ್ದರು. ಕಾಫಿಗೂ ನಿಲ್ಲಲಿಲ್ಲ.

ಮಗಳು ಹಾಸ್ಟೆಲ್ಲಿಗೆ ಹೋಗಲಿಲ್ಲ. ಆ ವರ್ಷ ಪಾಸಾದಳು, ಮುಂದಿನ ವರ್ಷಗಳಲ್ಲೂ. ಈಗ ಕೋಲಾರದ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ, ದಿನಾ ಬಂಗಾರಪೇಟೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಚೇರಿಗೆ ಸೇರಿದ ಮೊದಲ ವಾರವೇ ತನಗೆ ಎಂಥ ಕಂಪ್ಯೂಟರ್ ಬೇಕೆಂದು ತಾನೇ ಅರ್ಜಿ ಬರೆದು ಕೊಟ್ಟಳಂತೆ. ನಾನು ಆ ಬಗ್ಗೆ ಒಂದು ಮಾತೂ ಆಡಬೇಕಾಗಲಿಲ್ಲ.

ಯಜಮಾನರು ರಿಟೈರ್ ಆಗಿ ನಾವು ಬಂಗಾರಪೇಟೆಗೆ ಬಂದ ಮೇಲೆ ಅಂಗಡಿ ಅಣ್ಣನ ಕಡೆ ಹೋಗುವುದು ಕಡಿಮೆಯಾಯಿತು. ಹೋಗಬೇಕು, ಕೂತು ಮಾತಾಡಬೇಕು ಅಂದುಕೊಳ್ಳುತ್ತಲೇ ಇದ್ದೆ... ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಮಗಳು ರಜೆ ಹಾಕಿದಳು, ಇಬ್ಬರೂ ಬೂದಿಕೋಟೆ ಬಸ್ಸು ಹತ್ತಿದೆವು.

ಅವರ ಮನೆಯ ಅಂಗಳದಲ್ಲಿ ಜನ ತುಂಬಿದ್ದರು. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು, ನಮ್ಮನ್ನು ಕಂಡು ನೀವು ಯಾರಮ್ಮ ಅಂದರು. ನಾನು ಕೋರಮಂಡಲ್‌ನಲ್ಲಿದ್ದೋರು, ಅವರ ಅಂಗಡಿ ಗಿರಾಕಿಗಳು ಅಂದೆ. ಅಷ್ಟೇ ಹೇಳಿದೆ, ಅಷ್ಟು ಜನರ ಮುಂದೆ ಮತ್ತೇನು ಹೇಳುವುದು ಅಂತ. ಮಗಳು ನನ್ನ ಕೈ ಬಿಡಿಸಿಕೊಂಡು, ನೆಲ ತಡವಿ, ಅವರ ಎದುರು ಕೂತಳು.

"ನಂಗೆ ಕಣ್ಣು ಸರಿಯಾಗಿ ಕಾಣಲ್ಲಮ್ಮ. ನಿಂಗೇನು ಬೇಕು ಅಂತ ನನ್ನ ಮೊದಲು ಕೇಳಿದೋರು ಅವ್ರೇ."

ಆ ತಾಯಿ ಅವಳ ಎರಡೂ ಕೈ ಹಿಡಿದುಕೊಂಡು ತುಂಬಾ ಹೊತ್ತು ಬಿಡಲಿಲ್ಲ. ನಾನು ಪಕ್ಕದಲ್ಲಿ ನಿಂತಿದ್ದೆ, ಗಿರಾಕಿಯಾಗಿ.

ರಿಪೇರಿ ಅಂಗಡಿಯಿಂದ ಬಂದಾಗಿನಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಅಷ್ಟು ವರ್ಷ ಅವರು ನಮ್ಮ ಮನೆಗೆ ಬಂದು ಹೋದರು, ನಾನು ಎಷ್ಟೋ ಸಲ ಕಾಫಿ ಕೊಟ್ಟೆ, ಕರೆಂಟು, ಧೂಳು, ಮಳೆ ಎಲ್ಲ ಮಾತಾಡಿದೆ. ಅವರು ಕೇಳಲೇ ಇಲ್ಲ, ನಾನು ಬಾಯಿಬಿಟ್ಟು ಹೇಳಲೇ ಇಲ್ಲ. ಕೇಳಲು ಅವರಿಲ್ಲದಿರುವಾಗ ಈಗ ಹೇಳುತ್ತಿದ್ದೇನೆ. ಅಣ್ಣಾ, ನನ್ನ ಮಗಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ.