ನಡೆದದ್ದರ ಪಟ್ಟಿ

ಇವತ್ತು ಬೆಳಿಗ್ಗೆ ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಯಾರೋ ನನ್ನ ಪಕ್ಕ ಒಂದು ಮೂಟೆ ಇಳಿಸಿದರು. ಹಸಿ ತೆಂಗಿನ ಸಿಪ್ಪೆಯ ವಾಸನೆ. ಆ ವಾಸನೆಗೆ ನನಗೆ ಚನ್ನರಾಯಪಟ್ಟಣದ ನಿಂಗರಾಜಣ್ಣ ನೆನಪಾಗುತ್ತಾನೆ. ನಾನು ಹೊರಟಿದ್ದದ್ದೂ ಅವನ ಮನೆಗೇ.

ನಾನು ವೈಜ್ಞಾನಿಕ ಕಥೆ ಬರೆಯುತ್ತೇನೆ. ಹಾಗೆಂದರೆ ನಮ್ಮ ಕಡೆಯವರು "ಓಹೋ, ರಾಕೆಟ್ಟಾ?" ಅನ್ನುತ್ತಾರೆ. ನನ್ನ ಕಥೆಗಳಲ್ಲಿ ಇದುವರೆಗೆ ಬಂದದ್ದು ಒಂದೇ ರಾಕೆಟ್, ಅದೂ ಹಾರಲಿಲ್ಲ. ಮೊದಲ ಪುಸ್ತಕಕ್ಕೆ ಹನ್ನೊಂದು ಪತ್ರ ಬಂದವು, ನಾಲ್ಕರಲ್ಲಿ ವಿಜ್ಞಾನ ಎಲ್ಲಿದೆ ಎಂದು ಕೇಳಿದ್ದರು. ಹೀಗೆ ಎಣಿಸಿಡುವುದು ನನ್ನ ಚಾಳಿ. ಬಸ್ಸು ಬಂದ ಹೊತ್ತು, ಕುಡಿದ ಕಾಫಿ, ಜೊತೆಯಲ್ಲಿ ಊಟಕ್ಕೆ ಕೂತವರು, ಎಲ್ಲವೂ ದಿನಚರಿಗೆ ಹೋಗಬೇಕು. ನಗಬೇಡಿ, ನಿಮ್ಮಲ್ಲೂ ಇಂಥ ಒಂದು ಚಾಳಿ ಇದ್ದೇ ಇರುತ್ತದೆ.

ತಿಂಗಳ ಎರಡನೆಯ ಭಾನುವಾರ ಹೊಳೆನರಸೀಪುರದ ಒಂದು ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ನಾವು ಏಳು ಜನ ಸೇರುತ್ತೇವೆ. ಹಾಸನ, ಅರಕಲಗೂಡು, ಕೊಣನೂರಿನಿಂದೆಲ್ಲ ಬರುತ್ತಾರೆ. ಒಬ್ಬರು ಹೊಸ ಕಥೆ ಓದುವುದು, ಉಳಿದವರು ಜಗಳವಾಡುವುದು. ಕಥೆಯಲ್ಲಿ ಕಲ್ಪಿಸಿದ್ದೇನಾದರೂ ಮುಂದೆ ನಿಜವಾಗಿಬಿಟ್ಟರೆ, ಅದನ್ನು ದಿನಾಂಕ ಸಮೇತ ಒಂದು ನೋಟ್ ಪುಸ್ತಕದಲ್ಲಿ ಬರೆಯುವುದು ನಮ್ಮ ಪದ್ಧತಿ. ಅದರ ಹೆಸರು 'ನಡೆದದ್ದರ ಪಟ್ಟಿ'. ಬರೆಯುವ ಕೆಲಸ ಯಾರಿಗೆ ಸಿಕ್ಕಿತೆಂದು ಬೇರೆ ಹೇಳಬೇಕಿಲ್ಲ. ಮೂರು ವರ್ಷಕ್ಕೆ ಐದೇ ನಮೂದು ಇದ್ದವು.

ನಿಂಗರಾಜಣ್ಣ ತೆಂಗಿನ ಮಂಡಿಯಲ್ಲಿ ಕಾಯಿ ಸುಲಿಯುತ್ತಾನೆ. ನಮ್ಮಲ್ಲಿ ಏನೂ ಬರೆಯದೆ ಬರೀ ಓದುವವನು ಅವನೊಬ್ಬನೇ. ಒಂದು ದಿನ, "ಮೇಡಮ್ಮೋರೆ, ಎಲ್ರನ್ನೂ ಕತೇಗಾಕ್ತೀರಿ, ನಾನೇನ್ ಪಾಪ ಮಾಡಿವ್ನಿ? ನನ್ನೂ ಒಸಿ ಆಕಿ" ಅಂದ.

ಹಾಕಿದೆ. ಆ ಕಥೆಯಲ್ಲಿ ಲೋಕ ಅವನ ಗುರುತನ್ನು ಒಂದೊಂದಾಗಿ ಮರೆಯುತ್ತದೆ. ಮೊದಲು ಅವನ ಫೋನು ಅವನ ಮುಖ ಒಪ್ಪುವುದಿಲ್ಲ. ಆಮೇಲೆ ರೇಷನ್ ಅಂಗಡಿಯ ಮಿಷನ್ನು ಹೆಬ್ಬೆಟ್ಟು ಒಪ್ಪುವುದಿಲ್ಲ. ಆಮೇಲೆ ಬೀದಿಯ ನಾಯಿ. ಕೊನೆಗೆ ಹೆತ್ತ ತಾಯಿಯೇ ಬಾಗಿಲು ತೆರೆದು, "ಯಾರಪ್ಪ ನೀನು?" ಅನ್ನುತ್ತಾಳೆ. ಓದಿ ಮುಗಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ.

ಮುಂದಿನ ತಿಂಗಳು ಅವನ ಫೋನು ಮುಖ ಒಪ್ಪಲಿಲ್ಲ. ನಕ್ಕೆವು, ಪಟ್ಟಿಗೆ ಬರೆದೆ. ಅದರ ಮುಂದಿನ ತಿಂಗಳು ಹೆಬ್ಬೆಟ್ಟು. ಅದನ್ನೂ ಬರೆದೆ. ಮೂರನೆಯ ತಿಂಗಳು ಬಂದವನು ಕೂರಲೇ ಇಲ್ಲ.

"ನಾಯಿನೂ ಬೊಗುಳ್ತು ಮೇಡಮ್ಮೋರೆ. ದಿನಾ ನನ್ ಕೈಲೇ ಬನ್ನು ತಿನ್ನೋ ನಾಯಿ."

"ಅಲ್ಲ ಕಣಯ್ಯ, ಸುಲ್ದು ಸುಲ್ದು ನಿನ್ ಹೆಬ್ಬೆಟ್ಟೇ ಸವ್ದೋಗದೆ, ಮಿಷನ್ನೇನ್ ಮಾಡ್ತದೆ?" ಅಂದರು ಕೊಣನೂರಿನ ಮೇಷ್ಟ್ರು.

"ನಾಯೀಗೂ ಹೆಬ್ಬೆಟ್ಟು ಒತ್ಬೇಕಾ ಸಾ?"

ಅವನು ನನ್ನ ಕಡೆ ತಿರುಗಿದ. "ಕೊನೆ ಬದ್ಲಾಯಿಸ್ಬುಡಿ. ನಂಗೇನಾದ್ರೂ ಆಗ್ಲಿ, ಅವ್ವ ನನ್ನ ಮರೀಬಾರ್ದು."

ಕೊನೆ ಬದಲಾದರೆ ಕಥೆಯೇ ಸತ್ತಂತೆ ಎಂದು ನಾನು ಸಣ್ಣದೊಂದು ಭಾಷಣ ಮಾಡಿದೆ. ಇದೆಲ್ಲ ಕಾಕತಾಳೀಯ ಎಂದು ತೋರಿಸಿಕೊಡುವ ಹಟದಿಂದ ಮನೆಗೆ ಬಂದು ಹಳೆಯ ದಿನಚರಿ ತೆಗೆದೆ. ಕಥೆ ಬರೆಯುವುದಕ್ಕೆ ಎರಡು ತಿಂಗಳ ಮೊದಲು ಅವನ ಮನೆಗೆ ಹೋಗಿದ್ದೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರ: "ನಿಂಗರಾಜಣ್ಣನ ಹೆಬ್ಬೆರಳು ಉಜ್ಜಿದ ಕರಟದಷ್ಟು ನುಣುಪು. ಅವ್ವ ಎರಡನೆಯ ಸಲ ಕಾಫಿ ತಂದರು, ಮೊದಲಿನ ಲೋಟ ಇನ್ನೂ ಎದುರಿಗೇ ಇತ್ತು. ಮಗನನ್ನು ಕರೆಯಲು ಹೋಗಿ ಹೆಸರಿಗೆ ತಡಕಾಡಿದರು. ಕಾಫಿ: ಎರಡು."

ಬರೆದ ನೆನಪೇ ನನಗಿರಲಿಲ್ಲ. ನಾನು ಕೊನೆಯನ್ನು ಕಲ್ಪಿಸಿರಲಿಲ್ಲ; ಮಗನಿಗಿಂತ ಮೊದಲೇ ನೋಡಿ, ಲೋಟ ಎಣಿಸಿ, ಕಥೆ ಮಾಡಿ, ಅವನೆದುರೇ ಓದಿ ಚಪ್ಪಾಳೆ ಗಿಟ್ಟಿಸಿದ್ದೆ. ಫೋನಿಗೂ ನಾಯಿಗೂ ಮಾತ್ರ ಆ ಪುಟದಲ್ಲಿ ಕಾರಣ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಮರುದಿನ ಫೋನ್ ಮಾಡಿ ಎಲ್ಲ ಓದಿ ಹೇಳಿದೆ.

"ಅಂಗಾರೆ ನಿಮ್ಗೆ ಮೊದ್ಲೇ ಗೊತ್ತಿತ್ತು."

"ನೋಡಿದ್ದೆ ಅಣ್ಣ. ನಿಮಗೆ ಹೇಳ್ಬೇಕು ಅಂತ ಹೊಳೀಲಿಲ್ಲ."

"ಬರ್ಯೋಕೆ ಒಳೀತು" ಎಂದು ಫೋನಿಟ್ಟ.

ಅವ್ವನನ್ನು ಹಾಸನಕ್ಕೆ ಕರೆದುಕೊಂಡು ಹೋದನಂತೆ. ಮರೆವಿನ ಕಾಯಿಲೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರಂತೆ. ಭಾನುವಾರಗಳಿಗೆ ಅವನು ಬರುವುದು ನಿಂತಿತು. ಎಂಟು ಸಭೆ ಅವನ ಕುರ್ಚಿ ಖಾಲಿ ಇತ್ತು. ಮೊನ್ನೆ ಅವನೇ ಫೋನ್ ಮಾಡಿ, "ಒಂದ್ಸಲ ಬಂದು ನೋಡಿ" ಅಂದ.

ಹೋದೆ. ಇವತ್ತು ಮಧ್ಯಾಹ್ನ, ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದೆವು. ಅವ್ವ ನನ್ನನ್ನು ನೋಡಿ, "ಚೆಂದಾಗಿದ್ದೀಯಾ ಮಗಳೆ?" ಎಂದು ನಕ್ಕರು. ಆಮೇಲೆ ನಿಂಗರಾಜಣ್ಣನ ಕಡೆ ತಿರುಗಿ, "ಏಳಪ್ಪ, ಅದು ನನ್ ಮಗ ಕೂರೋ ಜಾಗ. ಇನ್ನೇನ್ ಬತ್ತಾನೆ" ಅಂದರು.

ಅವನು ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಚಪ್ಪಲಿ ಮೆಟ್ಟಿದ ಸದ್ದು ಕೇಳಿತು, ಬಿಟ್ಟ ಸದ್ದೂ ಕೇಳಿತು. ಮತ್ತೆ ಒಳಗೆ ಬಂದ.

"ಬಂದೆ ಕಣವ್ವ."

ಅವ್ವನ ಮುಖ ಅರಳಿತು. "ಬಂದ್ಯಾ ನಿಂಗ? ಈಗ್ತಾನೆ ಯಾವನೋ ಕೂತಿದ್ದ ಕಣ್ಲಾ ಇಲ್ಲಿ. ಪಾಪ, ಉಣ್ಣದೇ ಎದ್ದೋದ. ಇಲ್ಲೇ ಎಲ್ಲೋ ಇರ್ತಾನೆ, ಬತ್ತಾನೆ ಬುಡು."

"ದಿನಾ ಇಂಗೆಯ" ಎಂದು ಅವನು ನನಗೆ ಮೆಲ್ಲಗೆ ಹೇಳಿದ. "ಕೊನೆ ನಾನೇ ಬದ್ಲಾಯಿಸ್ಕೊಂಡಿವ್ನಿ ಮೇಡಮ್ಮೋರೆ."

ಅವ್ವ ನಾಲ್ಕು ತಟ್ಟೆ ಇಟ್ಟರು. ನಾಲ್ಕನೆಯದಕ್ಕೂ ಮುದ್ದೆ ಹಾಕಿ ಬಾಗಿಲ ಕಡೆ ನೋಡಿದರು. ನಿಂಗರಾಜಣ್ಣನೂ ನೋಡಿದ. ನಾನೂ ನೋಡಿದೆ.

ಈಗ ಸಂಜೆ, ವಾಪಸ್ಸು ಬರುವ ಬಸ್ಸಿನಲ್ಲಿ ದಿನಚರಿ ತೊಡೆಯ ಮೇಲಿದೆ. ಊಟಕ್ಕೆ ಕೂತವರು ಎಂಬುದರ ಮುಂದೆ ಮೂರು ಎಂದು ಬರೆದೆ, ಹೊಡೆದುಹಾಕಿದೆ. ನಾಲ್ಕು ಎಂದು ಬರೆಯಲು ಕೈ ಬರುತ್ತಿಲ್ಲ.